ಬೇರಿಂಗ್‌ನ ಬಡಿತ: ಮೊದಲು ಲೆಕ್ಕ, ಆಮೇಲೆ ಅಳತೆ

ಬೇರಿಂಗ್‌ನೊಳಗಿನ ಗಾಯವನ್ನು ಕಂಪನದಿಂದ ಹಿಡಿಯುವುದು ಹೇಗೆ ಅಂತ ನಾನು ಮಾತಾಡಿದ್ದನ್ನು ಬರೆದು ಕೊಡಿ ಅಂತ ಕೆಲವರು ಕೇಳಿದ್ದರಿಂದ ಈ ಬರಹ. ಸ್ಲೈಡುಗಳಲ್ಲಿದ್ದ ಗ್ರಾಫ್‌ಗಳನ್ನು ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲಸಕ್ಕೆ ಬರುವ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ನೇರ ವಿಷಯಕ್ಕೆ ಬರುತ್ತೇನೆ.

ತಿರುಗುವ ಯಂತ್ರದ ಮೇಲೆ ಸೆನ್ಸರ್ ಇಟ್ಟು ಕಂಪನ ಅಳೆಯುವುದು ಇವತ್ತು ದೊಡ್ಡ ಕೆಲಸವೇನಲ್ಲ. ಅಕ್ಸೆಲರೋಮೀಟರ್ ಕೂರಿಸುತ್ತೇವೆ, ಒಂದು ಸಂಖ್ಯೆ ಬರುತ್ತದೆ, ಅದು ಮಿತಿಯೊಳಗಿದ್ದರೆ ಮೆಷಿನ್ ಚೆನ್ನಾಗಿದೆ ಅಂತ ಬರೆದುಕೊಂಡು ಮುಂದೆ ಹೋಗುತ್ತೇವೆ. ಆ ಮಿತಿಗಳು ಬರುವುದು ಐಎಸ್‌ಒ 20816 ತರಹದ ಮಾನದಂಡಗಳಿಂದ. ಅಲ್ಲಿ ಮುಖ್ಯವಾಗಿ ನೋಡುವುದು ಕಂಪನದ ವೇಗ, ಅದೂ ಸಾಮಾನ್ಯವಾಗಿ 10ರಿಂದ 1000 ಹರ್ಟ್ಸ್ ಒಳಗೆ. ಶಾಫ್ಟ್‌ನ ತೂಕ ಒಂದು ಕಡೆ ಜಾಸ್ತಿ ಇದ್ದರೆ, ಎರಡು ಶಾಫ್ಟ್ ಜೋಡಿಸುವ ಕಪ್ಲಿಂಗ್ ನೇರವಾಗಿ ಕೂತಿಲ್ಲದಿದ್ದರೆ, ಬುಡದ ಬೋಲ್ಟ್ ಸಡಿಲವಾಗಿದ್ದರೆ ಆ ಸಂಖ್ಯೆ ಖಂಡಿತ ಏರುತ್ತದೆ. ಆದರೆ ಬೇರಿಂಗ್‌ನೊಳಗೆ ಈಗತಾನೆ ಎದ್ದ ಒಂದು ಸಣ್ಣ ಚಕ್ಕೆ ಎಬ್ಬಿಸುವ ಕಂಪನ ಬಹುಪಾಲು ಇರುವುದು ಕೆಲವು ಸಾವಿರ ಹರ್ಟ್ಸ್‌ನಲ್ಲಿ. ನಾವು ನೋಡುತ್ತಿರುವ ಆವರ್ತನದ ಪಟ್ಟಿಯಲ್ಲೇ ಅದು ಇಲ್ಲ! ಹಾಗಾಗಿ ಸಂಖ್ಯೆ ಹಸಿರಾಗೇ ಇರುತ್ತದೆ, ಬೇರಿಂಗ್ ಒಳಗೊಳಗೇ ಹಾಳಾಗುತ್ತಿರುತ್ತದೆ.

ಇವತ್ತು ನಾನು ಹೇಳಹೊರಟಿರುವುದು ಇಷ್ಟೇ. ಏನನ್ನು ಹುಡುಕಬೇಕು ಅಂತ ಮೊದಲೇ ಲೆಕ್ಕ ಹಾಕಿಕೊಂಡರೆ ಮಾತ್ರ ಕಂಪನ ಮಾತಾಡುತ್ತದೆ. ಆ ಲೆಕ್ಕಕ್ಕೆ ಮಾಡೆಲ್ ಅಂತ ಹೆಸರು. ಮಾಡೆಲ್ ಅಂದಕೂಡಲೇ ದೊಡ್ಡ ಸಾಫ್ಟ್‌ವೇರ್, ಬಣ್ಣಬಣ್ಣದ ಚಿತ್ರ ನೆನಪಿಗೆ ಬರುತ್ತದೆ ಅಲ್ವಾ? ಅದೇನೂ ಬೇಕಿಲ್ಲ. ಮೊದಲ ಮಾಡೆಲ್‌ಗೆ ಕಾಗದ ಪೆನ್ಸಿಲ್ ಸಾಕು.

ಮೊದಲು ಗಾಯ ಹೇಗೆ ಆಗುತ್ತದೆ ಅಂತ ಸ್ವಲ್ಪ. ಬೇರಿಂಗ್ ಅಂದರೆ ಒಂದರೊಳಗೊಂದು ಇರುವ ಎರಡು ಉಕ್ಕಿನ ಬಳೆ, ಮಧ್ಯೆ ಉಕ್ಕಿನ ಗುಂಡುಗಳು; ಆ ಬಳೆಗೆ ರೇಸ್ ಅಂತ ಹೆಸರು. ಗುಂಡು ರೇಸ್ ಮೇಲೆ ಉರುಳುವಾಗ ಎರಡೂ ತಾಗುವ ಜಾಗ ತೀರಾ ಚಿಕ್ಕದು, ಹಾಗಾಗಿ ಅಲ್ಲಿ ಒತ್ತಡ ವಿಪರೀತ. ವಿಚಿತ್ರ ಏನಂದರೆ ಉಕ್ಕನ್ನು ಕತ್ತರಿಸಲು ನೋಡುವ ಬಲ ಅತಿ ಹೆಚ್ಚು ಇರುವುದು ಮೇಲ್ಮೈಯಲ್ಲಲ್ಲ, ಅದರ ಸ್ವಲ್ಪ ಕೆಳಗೆ. ಲಕ್ಷಾಂತರ ಸಲ ಹೀಗೆ ತುಳಿಸಿಕೊಂಡ ಮೇಲೆ ಒಳಗೆ ಎಲ್ಲೋ ಒಂದು ಸಣ್ಣ ಬಿರುಕು ಹುಟ್ಟುತ್ತದೆ, ಬೆಳೆಯುತ್ತಾ ಮೇಲೆ ಬರುತ್ತದೆ, ಒಂದು ದಿನ ಚಕ್ಕೆ ಎದ್ದು ಗುಳಿ ಬೀಳುತ್ತದೆ. ಇದನ್ನು ಸ್ಪಾಲ್ ಅನ್ನುತ್ತಾರೆ. ಎಲ್ಲ ಬೇರಿಂಗ್‌ಗಳೂ ಹೀಗೇ ಸಾಯುತ್ತವೆ ಅಂತಲ್ಲ. ಕೊಳೆ ಸೇರುತ್ತದೆ, ಗ್ರೀಸ್ ಒಣಗುತ್ತದೆ, ನಿಂತ ಯಂತ್ರ ಪಕ್ಕದ ಯಂತ್ರದ ಅದುರಿಗೆ ಸಿಕ್ಕು ರೇಸ್ ಮೇಲೆ ಗುಂಡಿನ ಗುರುತು ಬೀಳುತ್ತದೆ, ವೇಗ ಬದಲಿಸುವ ಎಲೆಕ್ಟ್ರಾನಿಕ್ ಡ್ರೈವ್‌ನಿಂದ ಓಡುವ ಮೋಟಾರಿನಲ್ಲಿ ವಿದ್ಯುತ್ ಬೇರಿಂಗ್ ಮೂಲಕವೇ ಹರಿದು ರೇಸ್ ಉದ್ದಕ್ಕೂ ಗೆರೆ ಗೆರೆಯಾಗಿ ಸುಡುತ್ತದೆ. ಇವತ್ತಿನ ಮಾತು ಮುಖ್ಯವಾಗಿ ಸ್ಪಾಲ್ ಬಗ್ಗೆ, ಯಾಕೆಂದರೆ ಅದು ಬಡಿಯುತ್ತದೆ. ಸುಮ್ನೆ ಸವೆದ ಬೇರಿಂಗ್ ಬಡಿಯುವುದಿಲ್ಲ, ಗುಯ್ ಅನ್ನುತ್ತದೆ ಅಷ್ಟೆ. ಅದಕ್ಕೆ ಬೇರೆ ದಾರಿ ಬೇಕು.

ಆಯುಸ್ಸಿನ ಲೆಕ್ಕ ಇದೆಯಲ್ಲ, ಅದನ್ನು ನೋಡಿ ಬೇರಿಂಗ್ ಬದಲಿಸಿದರೆ ಆಗದೆ ಅಂತ ಕೇಳಬಹುದು. ಲುಂಡ್‌ಬರ್ಗ್ ಮತ್ತು ಪಾಮ್‌ಗ್ರೆನ್ 1947ರಲ್ಲಿ ಕೊಟ್ಟ ಲೆಕ್ಕವೇ ಇವತ್ತಿನ ಕ್ಯಾಟಲಾಗ್‌ಗಳ ಬುನಾದಿ. ಬಾಲ್ ಬೇರಿಂಗ್ ಆದರೆ ಲೋಡ್ ಎರಡು ಪಟ್ಟಾದಾಗ ಆಯುಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದರೆ ಅದು ಕೊಡುವ ಸಂಖ್ಯೆಯ ಅರ್ಥ, ಒಂದೇ ತರಹದ ನೂರು ಬೇರಿಂಗ್‌ಗಳಲ್ಲಿ ತೊಂಬತ್ತು ಅಷ್ಟು ಸುತ್ತು ಬಾಳುತ್ತವೆ ಅಂತ. ನಿಮ್ಮ ಮುಂದೆ ತಿರುಗುತ್ತಿರುವುದು ಆ ತೊಂಬತ್ತರಲ್ಲಿ ಒಂದೋ, ಉಳಿದ ಹತ್ತರಲ್ಲಿ ಒಂದೋ? ಅದು ಹೇಳುವುದಿಲ್ಲ. ಈ ಒಂದು ಬೇರಿಂಗ್ ಬಗ್ಗೆ ತಿಳಿಯಬೇಕಾದರೆ ಇದರ ಮಾತನ್ನೇ ಕೇಳಬೇಕು.

ಸರಿ, ಬಡಿತಕ್ಕೆ ಬರೋಣ. ಗಂಟೆ ಬಾರಿಸಿದಾಗ ಕೇಳುವ ನಾದ ಗಂಟೆಯದು, ಎಷ್ಟು ಹೊತ್ತಿಗೊಮ್ಮೆ ಬಾರಿಸುತ್ತಾರೆ ಅನ್ನುವುದು ಬಾರಿಸುವವರ ಕೈಯಲ್ಲಿದೆ. ಬೇರಿಂಗ್‌ನಲ್ಲೂ ಹಾಗೇ. ಗುಂಡು ಗುಳಿಯ ಅಂಚಿಗೆ ಬಡಿದಾಗ ಬೇರಿಂಗ್ ಕೂತಿರುವ ಕವಚ, ಅಂದರೆ ಹೌಸಿಂಗ್, ತನ್ನದೇ ಅನುರಣನದಲ್ಲಿ, ಅಂದರೆ ನಾಲ್ಕೈದು ಸಾವಿರ ಹರ್ಟ್ಸ್‌ನಲ್ಲೋ ಇನ್ನೂ ಮೇಲೋ, ಒಂದು ಕ್ಷಣ ಮೊಳಗಿ ಸುಮ್ಮನಾಗುತ್ತದೆ. ಆ ಮೊಳಗು ಹೌಸಿಂಗ್‌ನ ಗುಣ ಹೇಳುತ್ತದೆ, ಗಾಯದ ಬಗ್ಗೆ ಹೆಚ್ಚೇನೂ ಹೇಳುವುದಿಲ್ಲ. ಅದು ಸೆಕೆಂಡಿಗೆ ಎಷ್ಟು ಸಲ ಹೊಸದಾಗಿ ಶುರುವಾಗುತ್ತದೆ ಅನ್ನುವುದರಲ್ಲಿ ಗಾಯದ ವಿಳಾಸ ಇದೆ.

ಆ ಲಯವನ್ನು ಲೆಕ್ಕ ಹಾಕೋಣ. ಸೂತ್ರ ಬಾಯಿಪಾಠ ಮಾಡಬೇಕಿಲ್ಲ, ನಿಂತಲ್ಲೇ ಕಟ್ಟಬಹುದು. ಹೊರ ರೇಸ್ ನಿಂತಿದೆ, ಒಳ ರೇಸ್ ಶಾಫ್ಟ್ ಜೊತೆ ತಿರುಗುತ್ತಿದೆ. ಮಧ್ಯದ ಗುಂಡಿನ ಒಂದು ಬದಿ ನಿಂತ ಉಕ್ಕನ್ನು ತಾಗುತ್ತದೆ, ಇನ್ನೊಂದು ಬದಿ ಓಡುವ ಉಕ್ಕನ್ನು. ಜಾರದೆ ಉರುಳಿದರೆ ಗುಂಡಿನ ನಡುಬಿಂದು ಒಳ ರೇಸ್ ಮೇಲ್ಮೈಯ ಅರ್ಧ ವೇಗದಲ್ಲಿ ಮುಂದೆ ಹೋಗಬೇಕು. ಆದರೆ ಗುಂಡು ಸಾಗುವ ವೃತ್ತ ಒಳ ರೇಸ್‌ಗಿಂತ ದೊಡ್ಡದು. ಹಾಗಾಗಿ ಶಾಫ್ಟ್ ಒಂದು ಸುತ್ತು ಹಾಕುವಷ್ಟರಲ್ಲಿ ಗುಂಡುಗಳ ಗುಂಪು, ಅಂದರೆ ಕೇಜ್, ಅರ್ಧ ಸುತ್ತಿಗಿಂತ ಕಮ್ಮಿ ಹೋಗುತ್ತದೆ. ಎಷ್ಟು ಹೋಗುತ್ತದೆ? ಗುಂಡುಗಳ ನಡುಬಿಂದು ಸಾಗುವ ವೃತ್ತದ ವ್ಯಾಸಕ್ಕೆ ಪಿಚ್ ವ್ಯಾಸ ಅಂತ ಹೆಸರು. ಗುಂಡಿನ ವ್ಯಾಸವನ್ನು ಪಿಚ್ ವ್ಯಾಸದಿಂದ ಭಾಗಿಸಿ, ಬಂದದ್ದನ್ನು ಒಂದರಿಂದ ಕಳೆದು ಅರ್ಧ ಮಾಡಿ. ಅಷ್ಟೇ.

ಒಂದು ನಿಜವಾದ ಬೇರಿಂಗ್ ತೆಗೆದುಕೊಳ್ಳೋಣ, 6205. ಸಂಶೋಧನೆಯಲ್ಲಿ ತುಂಬಾ ಬಳಕೆಯಾದ ಎಸ್‌ಕೆಎಫ್ ಕಂಪನಿಯ 6205ರಲ್ಲಿ 9 ಗುಂಡು, ಗುಂಡಿನ ವ್ಯಾಸ 7.94 ಮಿ.ಮೀ., ಪಿಚ್ ವ್ಯಾಸ 39.04 ಮಿ.ಮೀ. ಭಾಗಿಸಿದರೆ 0.203. ಒಂದರಿಂದ ಕಳೆದು ಅರ್ಧ ಮಾಡಿದರೆ 0.398. ಅಂದರೆ ಶಾಫ್ಟ್‌ನ ಒಂದು ಸುತ್ತಿಗೆ ಕೇಜ್ 0.398 ಸುತ್ತು. ಹೊರ ರೇಸ್ ಮೇಲೆ ಒಂದು ಕಡೆ ಗಾಯ ಇದ್ದರೆ ಅದರ ಮೇಲೆ ಹಾದುಹೋಗುವ ಗುಂಡುಗಳು 9 ಗುಣಿಸು 0.398, ದಶಮಾಂಶಗಳನ್ನು ಪೂರ್ತಿ ಇಟ್ಟುಕೊಂಡರೆ 3.585. ಒಳ ರೇಸ್ ಕಡೆಯಿಂದ ನೋಡಿದರೆ ಕೇಜ್ ಹಿಂದೆ ಬೀಳುತ್ತಿರುವಂತೆ ಕಾಣುತ್ತದೆ, ಒಂದು ಸುತ್ತಿಗೆ 0.602ರಷ್ಟು. 9ರಿಂದ ಗುಣಿಸಿದರೆ 5.415. ಶಾಫ್ಟ್ ನಿಮಿಷಕ್ಕೆ 1800 ಸುತ್ತು, ಅಂದರೆ ಸೆಕೆಂಡಿಗೆ 30 ಅಂದುಕೊಳ್ಳಿ. ಹೊರ ರೇಸ್ ಗಾಯ ಸೆಕೆಂಡಿಗೆ 107.5 ಸಲ ಬಡಿಯುತ್ತದೆ, ಒಳ ರೇಸ್ ಗಾಯ 162.5 ಸಲ. ಎರಡನ್ನೂ ಕೂಡಿಸಿ ನೋಡಿ, 270. ಅದು 9 ಗುಂಡು ಗುಣಿಸು 30 ಸುತ್ತು. ಯಾವ ಬೇರಿಂಗ್ ಆದರೂ ಈ ಮೊತ್ತ ಹೀಗೇ ಬರಬೇಕು, ಬರದಿದ್ದರೆ ಲೆಕ್ಕದಲ್ಲಿ ಎಲ್ಲೋ ತಪ್ಪಿದೆ.

ಗುಂಡಿನ ಮೇಲೇ ಗಾಯ ಇದ್ದರೆ? ಗುಂಡು ಶಾಫ್ಟ್‌ನ ಒಂದು ಸುತ್ತಿಗೆ ತನ್ನ ಸುತ್ತ ಸುಮಾರು 2.36 ಸಲ ತಿರುಗುತ್ತದೆ. ಪ್ರತಿ ತಿರುಗಿನಲ್ಲೂ ಗಾಯ ಒಮ್ಮೆ ಒಳ ರೇಸ್‌ಗೆ, ಒಮ್ಮೆ ಹೊರ ರೇಸ್‌ಗೆ ತಾಗುತ್ತದೆ. ಹಾಗಾಗಿ ಬಡಿತ ಅದರ ಎರಡು ಪಟ್ಟು, ನಮ್ಮ ಉದಾಹರಣೆಯಲ್ಲಿ ಸೆಕೆಂಡಿಗೆ 141. ಆದರೆ ಗುಂಡಿಗೆ ತನ್ನ ತಿರುಗುವ ಅಕ್ಷ ಬದಲಿಸುವ ಸ್ವಾತಂತ್ರ್ಯ ಇದೆ. ಗಾಯ ಒಮ್ಮೊಮ್ಮೆ ಪಕ್ಕಕ್ಕೆ ಸರಿದು ಎರಡೂ ರೇಸ್‌ಗೆ ತಾಗದೆ ಹೋಗಬಹುದು. ಅದಕ್ಕೇ ಗುಂಡಿನ ಗಾಯ ಹಿಡಿಯುವುದು ಎಲ್ಲಕ್ಕಿಂತ ಕಷ್ಟ.

ಇಲ್ಲಿಗೆ ಕಾಗದದ ಮಾಡೆಲ್ ಮುಗಿಯಿತು. ಇದು ಬಡಿತದ ಲಯ ಹೇಳುತ್ತದೆ, ಜೋರು ಹೇಳುವುದಿಲ್ಲ. ಮುಂದಿನ ಹೆಜ್ಜೆ ಮೆಕ್‌ಫ್ಯಾಡನ್ ಮತ್ತು ಸ್ಮಿತ್ 1984ರಲ್ಲಿ ಇಟ್ಟರು. ಅವರ ಯೋಚನೆ ಸರಳ. ಬಡಿತಗಳ ಸಾಲು ಒಂದು, ಅದನ್ನು ಆ ಹೊತ್ತಿನಲ್ಲಿ ಅಲ್ಲಿದ್ದ ಲೋಡ್‌ನಿಂದ ಗುಣಿಸಿ, ಗಾಯದಿಂದ ಸೆನ್ಸರ್‌ವರೆಗಿನ ದಾರಿ ಎಷ್ಟು ಕಂಪನವನ್ನು ಬಿಟ್ಟುಕೊಡುತ್ತದೋ ಅದರಿಂದ ಗುಣಿಸಿ, ಕೊನೆಗೆ ಹೌಸಿಂಗ್‌ನ ಮೊಳಗನ್ನು ಸೇರಿಸಿ.

ಲೋಡ್ ಭಾಗ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಕೆಲಸಕ್ಕೆ ಬರುವ ವಿಷಯ ಅಲ್ಲೇ ಇರುವುದು. ಅಡ್ಡ ಮಲಗಿದ ಶಾಫ್ಟ್‌ನ ತೂಕವನ್ನು ಎಲ್ಲ ಗುಂಡುಗಳೂ ಹೊರುವುದಿಲ್ಲ. ಕೆಳಗಡೆ ಇರುವ ಕೆಲವು ಮಾತ್ರ ಹೊರುತ್ತವೆ, ಮೇಲಿನವು ಸುಮ್ನೆ ಸುತ್ತುತ್ತಿರುತ್ತವೆ. ಹೊರುವ ಜಾಗಕ್ಕೆ ಲೋಡ್ ಝೋನ್ ಅಂತ ಹೆಸರು. ಹೊರ ರೇಸ್ ತಿರುಗುವುದಿಲ್ಲ, ಅದರ ಗಾಯ ಸಾಮಾನ್ಯವಾಗಿ ಲೋಡ್ ಝೋನ್‌ನಲ್ಲೇ ಹುಟ್ಟಿ ಅಲ್ಲೇ ಕೂತಿರುತ್ತದೆ, ಹಾಗಾಗಿ ಪ್ರತಿ ಬಡಿತವೂ ಹೆಚ್ಚುಕಮ್ಮಿ ಒಂದೇ ಜೋರು. ಒಳ ರೇಸ್ ಗಾಯ ಶಾಫ್ಟ್ ಜೊತೆ ಸುತ್ತುತ್ತದೆ. ಕೆಳಗೆ ಬಂದಾಗ ಜೋರಾಗಿ ಬಡಿಯುತ್ತದೆ, ಮೇಲೆ ಹೋದಾಗ ಸದ್ದಡಗುತ್ತದೆ, ಸುತ್ತಿಗೊಮ್ಮೆ ಈ ಏರಿಳಿತ. ಅದಕ್ಕೇ ಸ್ಪೆಕ್ಟ್ರಮ್‌ನಲ್ಲಿ, ಅಂದರೆ ಯಾವ ಆವರ್ತನದಲ್ಲಿ ಎಷ್ಟು ಕಂಪನ ಇದೆ ಅಂತ ಗೆರೆಗಳಾಗಿ ತೋರಿಸುವ ಚಿತ್ರದಲ್ಲಿ, 162.5 ಒಂಟಿಯಾಗಿ ನಿಲ್ಲುವುದಿಲ್ಲ, ಅದರ ಅಕ್ಕಪಕ್ಕ 30 ಹರ್ಟ್ಸ್ ದೂರದಲ್ಲಿ 132.5 ಮತ್ತು 192.5 ಸೈಡ್‌ಬ್ಯಾಂಡ್‌ಗಳಾಗಿ ನಿಲ್ಲುತ್ತವೆ. ಗುಂಡಿನ ಗಾಯವಾದರೆ ಅದು ಕೇಜ್ ಜೊತೆ ಸುತ್ತುವುದರಿಂದ ಸೈಡ್‌ಬ್ಯಾಂಡ್‌ಗಳ ಅಂತರ ಕೇಜ್‌ನದು, ಸುಮಾರು 12 ಹರ್ಟ್ಸ್. ನನ್ನ ಮಟ್ಟಿಗೆ ನಡುವಿನ ಗೆರೆಗಿಂತ ಈ ಅಕ್ಕಪಕ್ಕದ ಗೆರೆಗಳ ಮೇಲೇ ನಂಬಿಕೆ ಜಾಸ್ತಿ. ಯಂತ್ರದಲ್ಲಿ 160ರ ಹತ್ತಿರ ಗೆರೆ ತರುವ ಬೇರೆ ಎಷ್ಟೋ ಇರಬಹುದು. 162.5, ಅದರ ಎರಡು ಪಟ್ಟು, ಮೂರು ಪಟ್ಟು, ಪ್ರತಿಯೊಂದರ ಪಕ್ಕದಲ್ಲೂ 30ರ ಅಂತರ, ಇಷ್ಟೆಲ್ಲ ಒಟ್ಟಿಗೆ ಕಂಡರೆ ಬೇರೆ ಏನಿರುತ್ತದೆ ಹೇಳಿ?

ಈಗ ಒಂದು ತೊಡಕು. ಲೆಕ್ಕ ಹಾಕುವಾಗ ಗುಂಡು ಜಾರುವುದಿಲ್ಲ ಅಂದುಕೊಂಡೆವು. ನಿಜದಲ್ಲಿ ಸ್ವಲ್ಪ ಜಾರುತ್ತದೆ. ಲೆಕ್ಕಕ್ಕೂ ಅಳತೆಗೂ ಶೇಕಡಾ 1ರಿಂದ 2ರಷ್ಟು ವ್ಯತ್ಯಾಸ ಮಾಮೂಲಿ. ಇದು ಚಿಲ್ಲರೆ ವಿಷಯದಂತೆ ಕಾಣುತ್ತದೆ, ಆದರೆ ಪರಿಣಾಮ ದೊಡ್ಡದು. 5000 ಹರ್ಟ್ಸ್ ಹತ್ತಿರ ಹೌಸಿಂಗ್ ಮೊಳಗುತ್ತದೆ ಅಂದುಕೊಳ್ಳಿ. ಅಲ್ಲಿ ಇರಬೇಕಾದ್ದು 107.5ರ 46ನೇ, 47ನೇ ಪಟ್ಟುಗಳು. ಮೂಲ ಲಯ ಶೇಕಡಾ 1ರಷ್ಟು ಆಚೀಚೆ ಅಲುಗಿದರೆ 47ನೇ ಪಟ್ಟು 50 ಹರ್ಟ್ಸ್ ಆಚೀಚೆ ಹರಡುತ್ತದೆ. ಪಕ್ಕದ ಗೆರೆ ಇರುವುದೇ 107 ಹರ್ಟ್ಸ್ ದೂರದಲ್ಲಿ. ಹಾಗಾಗಿ ಎಲ್ಲವೂ ಒಂದರೊಳಗೊಂದು ಕಲೆತು ಒಂದು ದಿಬ್ಬವಾಗಿ ಬಿಡುತ್ತದೆ, ಗೆರೆ ಅನ್ನುವುದೇ ಉಳಿಯುವುದಿಲ್ಲ. ಕಚ್ಚಾ ಸ್ಪೆಕ್ಟ್ರಮ್ ನೋಡಿ ಬೇರಿಂಗ್ ಗಾಯ ಹುಡುಕುವವರಿಗೆ ಏನೂ ಸಿಗದೆ ಇರಲು ಇದೇ ಕಾರಣ. ಕೆಳಗೆ 107ರಲ್ಲಿ ಗೆರೆ ಚೂಪಾಗೇ ಇರುತ್ತದೆ, ಆದರೆ ಅಲ್ಲಿ ಅದರ ಶಕ್ತಿ ಕಮ್ಮಿ, ಶಾಫ್ಟ್‌ನ, ಕಪ್ಲಿಂಗ್‌ನ ಗದ್ದಲ ಜಾಸ್ತಿ. ಮೇಲೆ 5000ದಲ್ಲಿ ಶಕ್ತಿ ಇದೆ, ಗೆರೆ ಇಲ್ಲ.

ಇದಕ್ಕೆ ದಾರಿ ಎನ್ವೆಲಪ್. 1970ರ ದಶಕದಿಂದ ಬಳಕೆಯಲ್ಲಿರುವ ಉಪಾಯ ಇದು. ಮೊಳಗುವ ಪಟ್ಟಿಯನ್ನು ಮಾತ್ರ ಫಿಲ್ಟರ್ ಮಾಡಿ ಇಟ್ಟುಕೊಳ್ಳಿ, ಒಳಗಿನ ವೇಗದ ಕಂಪನವನ್ನು ಮರೆತು ಅದರ ಮೇಲಿನ ಹೊದಿಕೆಯ ಏರಿಳಿತವನ್ನು ಮಾತ್ರ ತೆಗೆಯಿರಿ, ಆ ಹೊದಿಕೆಯ ಸ್ಪೆಕ್ಟ್ರಮ್ ನೋಡಿ. ಕಳೆದುಹೋಗಿದ್ದ 107.5 ಅಲ್ಲಿ ಎದ್ದು ನಿಲ್ಲುತ್ತದೆ. ಯಾವ ಪಟ್ಟಿ ಅಂತ ಹೇಗೆ ಗೊತ್ತಾಗಬೇಕು? ಮೊದಲೆಲ್ಲ ಅನುಭವದ ಮೇಲೆ ಆರಿಸುತ್ತಿದ್ದರು. ಆಮೇಲೆ ಬಂದದ್ದು ಸ್ಪೆಕ್ಟ್ರಲ್ ಕರ್ಟೋಸಿಸ್. ಡ್ವೈಯರ್ 1980ರ ದಶಕದಲ್ಲಿ ಹೇಳಿದ್ದನ್ನು ಆಂಟೋನಿ 2006ರ ಹೊತ್ತಿಗೆ ಗಟ್ಟಿಯಾದ ಗಣಿತದ ಮೇಲೆ ನಿಲ್ಲಿಸಿದರು. ಯಾವ ಪಟ್ಟಿಯಲ್ಲಿ ಸಿಗ್ನಲ್ ಅತಿ ಹೆಚ್ಚು ಚುಚ್ಚುಚುಚ್ಚಾಗಿದೆ ಅಂತ ಅದು ಹುಡುಕಿ ಕೊಡುತ್ತದೆ. ಒಳ್ಳೆ ಉಪಕರಣ, ಆದರೆ ಕಣ್ಣು ಮುಚ್ಚಿ ನಂಬಬೇಡಿ. ಪಕ್ಕದಲ್ಲಿ ಯಾರೋ ಸ್ಪ್ಯಾನರ್ ಬೀಳಿಸಿದರೂ ಅದು ಆ ಪಟ್ಟಿಯನ್ನೇ ಎತ್ತಿ ತೋರಿಸುತ್ತದೆ.

ಜಾರುವಿಕೆಯಿಂದ ಒಂದು ಲಾಭವೂ ಇದೆ, ಅದನ್ನು ಹೇಳದೆ ಮುಂದೆ ಹೋಗಬಾರದು. ಗೇರ್ ಹಲ್ಲುಗಳು ಜಾರುವುದಿಲ್ಲ, ಶಾಫ್ಟ್‌ಗೆ ಕಟ್ಟಿಹಾಕಿದಂತೆ ಪ್ರತಿ ಸುತ್ತಿಗೂ ಅದೇ ಜಾಗದಲ್ಲಿ ಅದೇ ಸಿಗ್ನಲ್ ಕೊಡುತ್ತವೆ. ಬೇರಿಂಗ್ ಪ್ರತಿ ಸಲ ಸ್ವಲ್ಪ ಆಚೀಚೆ ಆಗುತ್ತದೆ. ಗೇರ್‌ಬಾಕ್ಸ್‌ನಲ್ಲಿ ಗೇರಿನ ಗದ್ದಲದ ಕೆಳಗೆ ಬೇರಿಂಗ್ ಅಡಗಿದ್ದರೆ, ಸುತ್ತಿನಿಂದ ಸುತ್ತಿಗೆ ಬದಲಾಗದೆ ಉಳಿಯುವುದನ್ನೆಲ್ಲ ಅಂದಾಜು ಮಾಡಿ ಕಳೆದುಬಿಟ್ಟರೆ ಬೇರಿಂಗ್ ಉಳಿಯುತ್ತದೆ.

ಈಗ ಕಂಪ್ಯೂಟರ್ ಮಾಡೆಲ್‌ಗೆ ಬರೋಣ. ಶಾಫ್ಟ್ ಮತ್ತು ಒಳ ರೇಸ್ ಸೇರಿ ಒಂದು ದ್ರವ್ಯರಾಶಿ, ಹೊರ ರೇಸ್ ಮತ್ತು ಹೌಸಿಂಗ್ ಇನ್ನೊಂದು, ಮಧ್ಯೆ ಪ್ರತಿ ಗುಂಡೂ ಒಂದು ಸ್ಪ್ರಿಂಗ್. ಈ ಸ್ಪ್ರಿಂಗ್ ಮಾಮೂಲಿ ಸ್ಪ್ರಿಂಗ್ ಅಲ್ಲ. ವಿಜ್ಞಾನಿ ಹೈನ್ರಿಶ್ ಹರ್ಟ್ಸ್ 1880ರ ದಶಕದ ಆರಂಭದಲ್ಲೇ ತೋರಿಸಿದಂತೆ ಗುಂಡಿನ ಬಲ ಅದುಮಿದ ಅಳತೆಯ ಒಂದೂವರೆ ಘಾತಕ್ಕೆ ಏರುತ್ತದೆ, ಅಂದರೆ ಒತ್ತಿದಷ್ಟೂ ಗಡುಸಾಗುತ್ತದೆ. ಎಳೆದರೆ ಬಲವೇ ಇಲ್ಲ, ಗುಂಡು ಬಿಟ್ಟುಹೋಗುತ್ತದೆ ಅಷ್ಟೆ. ಪ್ರತಿ ಕ್ಷಣ ಪ್ರತಿ ಗುಂಡು ಎಲ್ಲಿದೆ, ಎಷ್ಟು ಅದುಮಿದೆ ಅಂತ ನೋಡಿ, ಅದರಲ್ಲಿ ಬೇರಿಂಗ್‌ನ ಸಡಿಲವನ್ನೂ ಗುಳಿಯ ಇಳಿತವನ್ನೂ ಕಳೆದು, ಬಲಗಳನ್ನು ಕೂಡಿಸಿ, ಮುಂದಿನ ಕ್ಷಣಕ್ಕೆ ಹೋಗುವುದು. ಹೌಸಿಂಗ್‌ನ ಮೇಲಿನ ಮೊಳಗಿಗಾಗಿ ಒಂದು ಸಣ್ಣ ದ್ರವ್ಯರಾಶಿ, ಸ್ಪ್ರಿಂಗ್, ಕಂಪನ ತಗ್ಗಿಸುವ ಡ್ಯಾಂಪರ್ ಸೇರಿಸುತ್ತೇವೆ. ಕೋಡ್ ಒಂದೆರಡು ಪುಟ. ಕೇಜ್‌ನ ಕೋನಕ್ಕೆ ಸ್ವಲ್ಪ ಅಂಕೆಯಿಲ್ಲದ ಅಲುಗು ಸೇರಿಸಲು ಮಾತ್ರ ಮರೆಯಬೇಡಿ. ಅದಿಲ್ಲದಿದ್ದರೆ ಸ್ಪೆಕ್ಟ್ರಮ್ ತುಂಬ ಚೂಪು ಚೂಪು ಗೆರೆಗಳು ಬಂದು, ನೋಡಲು ಚೆಂದ, ನಂಬಲು ಯೋಗ್ಯವಲ್ಲ ಅನ್ನುವಂಥ ಚಿತ್ರ ಸಿಗುತ್ತದೆ.

ಈ ಮಾಡೆಲ್ ಬರೆಯುವಾಗ ಬಹಳ ಜನ ಎಡವುವುದು ಗುಳಿಯ ಆಳದಲ್ಲಿ. ಗುಳಿ ಅರ್ಧ ಮಿಲಿಮೀಟರ್ ಆಳ ಇದೆ, ಹಾಗಾಗಿ ಗುಂಡು ಅರ್ಧ ಮಿಲಿಮೀಟರ್ ಇಳಿಯುತ್ತದೆ ಅಂತ ಹಾಕಿಬಿಡುತ್ತಾರೆ. ಗುಂಡು ಚೂಪಾದ ಮೊಳೆಯಲ್ಲ, ಅದಕ್ಕೆ ವ್ಯಾಸ ಇದೆ. ನಮ್ಮ 6205ರ ಹೊರ ರೇಸ್‌ನಲ್ಲಿ 1 ಮಿ.ಮೀ. ಅಗಲದ ಗುಳಿ ಇದ್ದರೆ, ಗುಂಡು ಎರಡೂ ಅಂಚುಗಳ ಮೇಲೆ ಕೂತಾಗ ಇಳಿಯುವುದು ಸುಮಾರು 26 ಮೈಕ್ರೋಮೀಟರ್ ಮಾತ್ರ, ಗುಳಿ ಅದಕ್ಕಿಂತ ಎಷ್ಟೇ ಆಳ ಇರಲಿ. ಅದೇ ಅಗಲದ ಗುಳಿ ಒಳ ರೇಸ್‌ನಲ್ಲಿದ್ದರೆ ಸುಮಾರು 40, ಯಾಕೆಂದರೆ ಅಲ್ಲಿ ರೇಸ್ ಹೊರಕ್ಕೆ ಉಬ್ಬಿದೆ. ಇನ್ನೊಂದು ಮಾತು. ಗುಂಡು ಲೋಡ್‌ನಿಂದ ಅದುಮಿರುವುದು ಹತ್ತು ಮೈಕ್ರೋಮೀಟರ್ ಅಂದುಕೊಳ್ಳಿ. ಹತ್ತು ಇಳಿಯುವಷ್ಟರಲ್ಲೇ ಅದರ ಲೋಡ್ ಪೂರ್ತಿ ಸೊನ್ನೆ. ಅಲ್ಲಿಂದ ಕೆಳಗೆ ಇಳಿದರೂ ಹೊಸದಾಗಿ ಏನೂ ಆಗುವುದಿಲ್ಲ, ಹೊರಬೇಕಾದ ಭಾರ ಅಕ್ಕಪಕ್ಕದ ಗುಂಡುಗಳಿಗೆ ಹೋಗಿರುತ್ತದೆ. ಅಂದರೆ ಬಡಿತದ ಜೋರು ಗುಳಿಯ ಆಳದಿಂದ ಬರುವುದು ಕಮ್ಮಿ, ಒಂದು ಸ್ಪ್ರಿಂಗ್ ಹಠಾತ್ತನೆ ಮಾಯವಾಗಿ ಮತ್ತೆ ಹಠಾತ್ತನೆ ಬರುವುದರಿಂದ ಬರುವುದು ಜಾಸ್ತಿ. ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಿದ ಮೇಲೆ ಕಂಪನ ಎಷ್ಟು ಜೋರಿದೆ ಅನ್ನುವುದರಿಂದ ನೇರವಾಗಿ ಗಾಯದ ಗಾತ್ರ ಹೇಳುವವರ ಮೇಲೆ ನನಗೆ ನಂಬಿಕೆ ಕಮ್ಮಿಯಾಗಿದೆ.

ಹಾಗಾದರೆ ಗಾತ್ರ ತಿಳಿಯುವುದು ಹೇಗೆ? ಹೊತ್ತಿನಿಂದ. ಗುಂಡು ಗುಳಿಗೆ ಇಳಿಯುವಾಗ ಒಂದು ಮೆತ್ತನೆಯ, ನಿಧಾನದ ಅಲುಗು ಬರುತ್ತದೆ. ಎದುರಿನ ಅಂಚಿಗೆ ತಾಗಿದಾಗ ಚುರುಕಾದ ಬಡಿತ ಬರುತ್ತದೆ. ಒಂದೇ ಗುಳಿ, ಎರಡು ಸುದ್ದಿ. ಇಳಿದ ಹೊತ್ತಿಗೂ ಬಡಿದ ಹೊತ್ತಿಗೂ ಮಧ್ಯೆ ಗುಂಡಿನ ನಡುಬಿಂದು ಗುಳಿಯ ಅರ್ಧ ಅಗಲ ದಾಟಿರುತ್ತದೆ. ನಮ್ಮ ಉದಾಹರಣೆಯಲ್ಲಿ ಗುಂಡು ಹೊರ ರೇಸ್ ಮೇಲೆ ಸೆಕೆಂಡಿಗೆ ಸುಮಾರು 1760 ಮಿ.ಮೀ. ಓಡುತ್ತದೆ. 2 ಮಿ.ಮೀ. ಗುಳಿಯಾದರೆ ಆ ಮಧ್ಯಂತರ 0.57 ಮಿಲಿಸೆಕೆಂಡ್. ಸೆಕೆಂಡಿಗೆ 12,000 ಸಲ ಓದುವ ಉಪಕರಣದಲ್ಲಿ ಅದು ಏಳು ಬಿಂದುಗಳಷ್ಟು, ಹಿಡಿಯಬಹುದು. ಗುಳಿ ಅರ್ಧ ಮಿಲಿಮೀಟರ್ ಆದರೆ ಎರಡು ಬಿಂದುವೂ ಇಲ್ಲ, ಏನೂ ಕಾಣುವುದಿಲ್ಲ. ಹಾಗಾಗಿ ಗಾತ್ರ ಬೇಕಾದರೆ 48,000 ಸಲ ಓದುವುದನ್ನೇ ತೆಗೆದುಕೊಳ್ಳಿ. ಇದನ್ನು ಸೆನ್ಸರ್ ಕೊಳ್ಳುವ ಮೊದಲೇ ಮಾಡೆಲ್ ಹೇಳುತ್ತದೆ, ಕೊಂಡ ಮೇಲೆ ಗೊತ್ತಾದರೆ ಏನು ಪ್ರಯೋಜನ?

ಇನ್ನೊಂದು ಎಚ್ಚರ. ಗಾಯವೇ ಇಲ್ಲದ ಹೊಸ ಬೇರಿಂಗ್‌ನ ಮಾಡೆಲ್ ಓಡಿಸಿ ನೋಡಿ. ಹೊರ ರೇಸ್‌ನ ಆವರ್ತನದಲ್ಲಿ, ಅದೇ 107.5ರಲ್ಲಿ, ಒಂದು ಸಣ್ಣ ಗೆರೆ ಕಾಣುತ್ತದೆ! ಯಾಕೆಂದರೆ ಗುಂಡುಗಳು ಸುತ್ತುವಾಗ ಲೋಡ್ ಝೋನ್‌ನಲ್ಲಿ ಒಮ್ಮೆ ನಾಲ್ಕು ಇರುತ್ತವೆ, ಒಮ್ಮೆ ಮೂರು. ಒಟ್ಟು ಗಡಸುತನ ಏರಿಳಿಯುತ್ತದೆ, ಶಾಫ್ಟ್ ಸ್ವಲ್ಪ ಮೇಲೆ ಕೆಳಗೆ ಆಗುತ್ತದೆ. ಸುನ್ನರ್‌ಷೋ 1978ರಲ್ಲಿ ಇದನ್ನು ಚೆನ್ನಾಗಿ ಬಿಡಿಸಿ ಬರೆದಿದ್ದಾರೆ. ಆ ಆವರ್ತನದಲ್ಲಿ ಗೆರೆ ಕಂಡಕೂಡಲೇ ಬೇರಿಂಗ್ ಬಿಚ್ಚಿಸುವವರಿಗೆ ಇದು ಗೊತ್ತಿರಬೇಕು. ವ್ಯತ್ಯಾಸ ಎಲ್ಲಿ ಅಂದರೆ, ಗಡಸುತನದ ಏರಿಳಿತ ಮೆಲ್ಲಗೆ ನಡೆಯುವುದು, ಅದು ಹೌಸಿಂಗ್ ಅನ್ನು ಮೇಲಿನ ಆವರ್ತನದಲ್ಲಿ ಮೊಳಗಿಸುವುದಿಲ್ಲ. ಎನ್ವೆಲಪ್‌ನಲ್ಲೂ, ಅದರ ಪಟ್ಟುಗಳಲ್ಲೂ ಕಂಡರೆ ಮಾತ್ರ ಗಾಯ.

ಟ್ರೆಂಡ್ ನೋಡುವವರಿಗೆ ಒಂದು ಮಾತು. ಸಿಗ್ನಲ್ ಎಷ್ಟು ಚುಚ್ಚುಚುಚ್ಚಾಗಿದೆ ಅಂತ ಹೇಳುವ ಕರ್ಟೋಸಿಸ್ ಅನ್ನುವ ಅಳತೆ ಒಳ್ಳೆ ಬೇರಿಂಗ್‌ನಲ್ಲಿ 3ರ ಹತ್ತಿರ ಇರುತ್ತದೆ, ಚುರುಕಾದ ಬಡಿತ ಶುರುವಾದಾಗ ಏರುತ್ತದೆ. ಗಾಯ ಹರಡುತ್ತಾ ಹೋದಂತೆ ಬಡಿತಗಳು ಒಂದರ ಮೇಲೊಂದು ಬಿದ್ದು, ಒಟ್ಟು ಗದ್ದಲವಾಗಿ, ಕರ್ಟೋಸಿಸ್ ಮತ್ತೆ 3ರ ಕಡೆ ಇಳಿಯುತ್ತದೆ. ಅದು ಗುಣವಾಗಿದ್ದಲ್ಲ. ಅದೇ ಹೊತ್ತಿಗೆ ಒಟ್ಟು ಕಂಪನ ಏರಿರುತ್ತದೆ, ಎರಡನ್ನೂ ಒಟ್ಟಿಗೆ ನೋಡಬೇಕು.

ಮಷಿನ್ ಲರ್ನಿಂಗ್ ಬಗ್ಗೆ ಮಾತಾಡದಿದ್ದರೆ ನೀವು ಬಿಡುವುದಿಲ್ಲ ಅಂತ ಗೊತ್ತು. ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯದ ಡೇಟಾ ಎಲ್ಲರೂ ಬಳಸುತ್ತಾರೆ. 2 ಅಶ್ವಶಕ್ತಿಯ ಮೋಟಾರ್, ಬೇರಿಂಗ್‌ಗಳಲ್ಲಿ ವಿದ್ಯುತ್ ಕಿಡಿಯಿಂದ ಕೊರೆದ ತೂತುಗಳು, ಅತಿ ಚಿಕ್ಕದು 0.18 ಮಿ.ಮೀ. ಆ ತೂತಿನಲ್ಲಿ ಗುಂಡು ಸುಮಾರು ಒಂದು ಮೈಕ್ರೋಮೀಟರ್ ಇಳಿಯಬಹುದು, ಅಷ್ಟಾದರೂ ಸಿಗ್ನಲ್‌ನಲ್ಲಿ ಕಾಣುತ್ತದೆ, ಅದು ಖುಷಿಯ ಸಂಗತಿ. ಆದರೆ ಕೊರೆದ ತೂತಿನ ಅಂಚು ಚೂಪು, ತಾನಾಗಿ ಎದ್ದ ಚಕ್ಕೆಯ ಅಂಚು ಗುಂಡು ತುಳಿದು ತುಳಿದು ದುಂಡಗಾಗಿರುತ್ತದೆ. ಅದಕ್ಕಿಂತ ದೊಡ್ಡ ತಕರಾರು ನನ್ನದು ಇದು: ಒಂದೇ ರೆಕಾರ್ಡಿಂಗನ್ನು ನೂರು ತುಂಡು ಮಾಡಿ, ಕೆಲವು ತುಂಡಿನಿಂದ ಕಲಿಸಿ, ಉಳಿದ ತುಂಡಿನಿಂದ ಪರೀಕ್ಷೆ ಮಾಡಿದರೆ ನೂರಕ್ಕೆ ತೊಂಬತ್ತೊಂಬತ್ತು ಬರದೆ ಏನು ಬರುತ್ತದೆ? ಅದು ಕಲಿತದ್ದು ಆ ಒಂದು ಬೇರಿಂಗ್‌ನ ದನಿ. ಬೇರೆ ಬೇರಿಂಗ್, ಬೇರೆ ಹೌಸಿಂಗ್ ಕೊಟ್ಟಾಗ ಕೈಚೆಲ್ಲುತ್ತದೆ. ಸಿನ್ಸಿನಾಟಿ ವಿಶ್ವವಿದ್ಯಾಲಯದ ಡೇಟಾ ಈ ವಿಷಯದಲ್ಲಿ ವಾಸಿ. ಅಲ್ಲಿ ಒಂದೇ ಶಾಫ್ಟ್ ಮೇಲೆ ನಾಲ್ಕು ಬೇರಿಂಗ್ ಕೂರಿಸಿ, ನಿಮಿಷಕ್ಕೆ 2000 ಸುತ್ತಿನಲ್ಲಿ ತಾನಾಗಿ ಕೆಡುವವರೆಗೂ ಓಡಿಸಿದ್ದಾರೆ.

ಮಾಡೆಲ್ ಇಲ್ಲೂ ಕೆಲಸಕ್ಕೆ ಬರುತ್ತದೆ. ಕೆಟ್ಟ ಬೇರಿಂಗ್‌ನ ಡೇಟಾ ಯಾವಾಗಲೂ ಕಮ್ಮಿ, ಯಾಕೆಂದರೆ ಕೆಡುವವರೆಗೆ ಯಾರೂ ಬಿಡುವುದಿಲ್ಲ. ಒಳ್ಳೆ ಸ್ಥಿತಿಯ ನಿಜವಾದ ರೆಕಾರ್ಡಿಂಗ್‌ಗೆ ಮಾಡೆಲ್‌ನಿಂದ ಹುಟ್ಟಿಸಿದ ಬಡಿತ ಸೇರಿಸಿ ಕಲಿಸಬಹುದು. ನೂರಕ್ಕೆ ನೂರು ಹೊಂದುವುದಿಲ್ಲ, ಆದರೂ ಏನೂ ಇಲ್ಲದ್ದಕ್ಕಿಂತ ಎಷ್ಟೋ ಮೇಲು.

ಇನ್ನು ಪ್ರಶ್ನೆಗಳು.

ಸೆನ್ಸರನ್ನು ಕೈಯಲ್ಲಿ ಒತ್ತಿ ಹಿಡಿದರೆ ಸಾಲದೆ ಅಂತ ಒಬ್ಬರು ಕೇಳಿದರು. ಶಾಫ್ಟ್‌ನ ಅಸಮತೋಲನ ನೋಡಲು ಸಾಕು, ಬೇರಿಂಗ್‌ಗೆ ಸಾಲದು. ಕೈಯಲ್ಲಿ ಹಿಡಿದ ಸೆನ್ಸರ್ ಮೇಲಿನ ಆವರ್ತನಗಳನ್ನು ನುಂಗಿಬಿಡುತ್ತದೆ, ನಮಗೆ ಬೇಕಾದ್ದು ಅಲ್ಲೇ ಇರುವುದು. ಮ್ಯಾಗ್ನೆಟ್ ಪರವಾಗಿಲ್ಲ, ಕೆಳಗಿನ ಪೇಂಟ್ ಕೆರೆದು ಇಡಿ. ಥ್ರೆಡ್ ಹೊಡೆದು ಸ್ಟಡ್ ಹಾಕಿದರೆ ಎಲ್ಲಕ್ಕಿಂತ ಒಳ್ಳೆಯದು. ಮತ್ತೆ, ಲೋಡ್ ಝೋನ್ ಕಡೆಗೆ ಹತ್ತಿರ ಇಡಿ. ತೆಳ್ಳನೆಯ ಫ್ಯಾನ್ ಕವರ್ ಮೇಲೆ ಇಟ್ಟರೆ ಕವರ್‌ನ ಕಂಪನ ಸಿಗುತ್ತದೆ, ಬೇರಿಂಗ್‌ನದಲ್ಲ.

ವೇಗ ಬದಲಾಗುತ್ತಿದ್ದರೆ ಏನು ಮಾಡುವುದು? ಸೆಕೆಂಡಿನ ಲೆಕ್ಕ ಬಿಟ್ಟು ಸುತ್ತಿನ ಲೆಕ್ಕಕ್ಕೆ ಹೋಗಬೇಕು. ಶಾಫ್ಟ್‌ಗೆ ಸುತ್ತು ಅಳೆಯುವ ಟ್ಯಾಕೋಮೀಟರ್ ಇಟ್ಟು, ಸಿಗ್ನಲನ್ನು ಸಮಾನ ಕೋನಗಳಿಗೆ ಒಂದೊಂದು ಬಿಂದುವಿನಂತೆ ಮರುಹೊಂದಿಸಿದರೆ, 3.585 ಅನ್ನುವುದು ವೇಗ ಎಷ್ಟೇ ಏರಿಳಿದರೂ 3.585ರ ಹತ್ತಿರವೇ ಉಳಿಯುತ್ತದೆ. ತುಂಬಾ ನಿಧಾನ ತಿರುಗುವ ದೊಡ್ಡ ಬೇರಿಂಗ್‌ಗಳು, ಉದಾಹರಣೆಗೆ ಗಾಳಿಯಂತ್ರದ ಮುಖ್ಯ ಬೇರಿಂಗ್, ಬೇರೆಯೇ ತಲೆನೋವು. ಅಲ್ಲಿ ಬಡಿತದಲ್ಲಿ ಶಕ್ತಿಯೇ ಇರುವುದಿಲ್ಲ, ಲೋಹದೊಳಗಿಂದ ಏಳುವ ತೀರಾ ಮೇಲಿನ ಆವರ್ತನದ ಅಲೆಗಳನ್ನು ಹಿಡಿಯುವ ಅಕೌಸ್ಟಿಕ್ ಎಮಿಷನ್‌ನಂಥ ಬೇರೆ ವಿಧಾನ ಬೇಕಾಗುತ್ತದೆ.

ಕೊನೆಯ ಪ್ರಶ್ನೆ, ಬೇರಿಂಗ್ ನಂಬರ್ ಅಳಿಸಿಹೋಗಿದೆ, ವ್ಯಾಸ ಗೊತ್ತಿಲ್ಲ, ಯಂತ್ರ ಬಿಚ್ಚುವಂತಿಲ್ಲ, ಆಗ? ಗುಂಡುಗಳ ಸಂಖ್ಯೆ ಗೊತ್ತಿದ್ದರೆ ಅದನ್ನು 0.4ರಿಂದ ಗುಣಿಸಿ, ಒಂದು ಸುತ್ತಿಗೆ ಹೊರ ರೇಸ್ ಬಡಿತ ಎಷ್ಟೋ ಅದರ ಹತ್ತಿರ ಬರುತ್ತದೆ. 0.6ರಿಂದ ಗುಣಿಸಿದರೆ ಒಳ ರೇಸ್. ನಮ್ಮ 9 ಗುಂಡಿಗೆ 3.6 ಮತ್ತು 5.4 ಬಂತು, ನಿಜವಾದದ್ದು 3.585 ಮತ್ತು 5.415. ಸಂಖ್ಯೆಯೂ ಗೊತ್ತಿಲ್ಲದಿದ್ದರೆ ಎನ್ವೆಲಪ್ ಸ್ಪೆಕ್ಟ್ರಮ್‌ನಲ್ಲಿ ಶಾಫ್ಟ್‌ನ ಪೂರ್ಣ ಪಟ್ಟುಗಳ ಮೇಲೆ ಬೀಳದ ಗೆರೆಗಳ ಸಾಲು ಹುಡುಕಿ. ಸಾಲಿನ ಮೂಲ ಗೆರೆಯನ್ನು ಶಾಫ್ಟ್‌ನ ವೇಗದಿಂದ ಭಾಗಿಸಿ ಸುತ್ತಿನ ಲೆಕ್ಕಕ್ಕೆ ತನ್ನಿ. ಪಕ್ಕದಲ್ಲಿ ಶಾಫ್ಟ್ ಅಂತರದ ಸೈಡ್‌ಬ್ಯಾಂಡ್ ಇದ್ದರೆ ಅದನ್ನು ಒಳ ರೇಸ್ ಅಂದುಕೊಂಡು 0.6ರಿಂದ ಭಾಗಿಸಿ, ಇಲ್ಲದಿದ್ದರೆ ಹೊರ ರೇಸ್ ಅಂದುಕೊಂಡು 0.4ರಿಂದ. ಬಂದ ಉತ್ತರ ಒಂದು ಪೂರ್ಣಸಂಖ್ಯೆಯ ಹತ್ತಿರ ಇದ್ದರೆ ಅದೇ ಗುಂಡುಗಳ ಎಣಿಕೆ ಇರಬಹುದು. ಎರಡು ಎಣಿಕೆಗಳ ಮಧ್ಯೆ ನಿಂತರೆ ಎರಡಕ್ಕೂ ಮಾಡೆಲ್ ಓಡಿಸಿ, ಸೈಡ್‌ಬ್ಯಾಂಡ್‌ಗಳು ಯಾವುದಕ್ಕೆ ಹೊಂದುತ್ತವೆ ನೋಡಿ.